ಮೈದಾನದ ಬ್ಯಾಂಡಿಗೆ ಸ್ವರ ಬರೆಯುವವರು: ಸ್ವತಂತ್ರ ಅರೇಂಜರ್ ವೃತ್ತಿಯ ಒಂದು ಪರಿಚಯ

ನಮ್ಮ ಕರಾವಳಿಯ ಚರ್ಚ್‌ಗಳಲ್ಲಿ ವಾರ್ಷಿಕ ಹಬ್ಬದ ಮುಂಚಿನ ಭ್ರಾತೃತ್ವದ ಭಾನುವಾರ ಪರಮಪ್ರಸಾದದ ಮೆರವಣಿಗೆ ಹೊರಟಾಗ ಬ್ಯಾಂಡಿನ ಸದ್ದು ಕೇಳಿಸುತ್ತದೆ. ಮೊಂತಿ ಹಬ್ಬದ ತೆನೆ ಮೆರವಣಿಗೆಗೂ, ಮದುವೆಗೂ ಬ್ಯಾಂಡು ಬೇಕು. ಊದುವವರನ್ನೂ ಬಾರಿಸುವವರನ್ನೂ ನಾವೆಲ್ಲ ನೋಡುತ್ತೇವೆ. ಆದರೆ ಗಾಯನ ಮಂಡಳಿ ಹಾಡುವ ಒಂದು ಗೀತೆಯನ್ನು ಟ್ರಂಪೆಟ್‌ಗೆ ಇಷ್ಟು, ಕ್ಲಾರಿನೆಟ್‌ಗೆ ಇಷ್ಟು, ಡ್ರಮ್ಮಿಗೆ ಇಷ್ಟು ಎಂದು ಹಂಚಿ ಬರೆದುಕೊಟ್ಟವರು ಯಾರು ಎಂದು ಕೇಳುವವರು ಕಡಿಮೆ.

ಹೀಗೆ ಹಂಚಿ ಬರೆಯುವ ಕೆಲಸಕ್ಕೆ ಅರೇಂಜಿಂಗ್ ಎಂದೂ, ಬರೆಯುವವರಿಗೆ ಅರೇಂಜರ್ ಎಂದೂ ಹೆಸರು. ಈ ಕೆಲಸ ಮೈದಾನದ ಬ್ಯಾಂಡುಗಳಿಗಾಗಿಯೇ ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಸಂಗೀತ ಕಲಿತ ನಮ್ಮ ಯುವಜನರಿಗೂ, ಬ್ಯಾಂಡು ನಡೆಸುವ ಶಾಲೆ ಮತ್ತು ಚರ್ಚ್‌ಗಳ ಜವಾಬ್ದಾರಿ ಹೊತ್ತವರಿಗೂ ಉಪಯೋಗವಾಗಲೆಂದು ಈ ವೃತ್ತಿಯ ಸ್ವರೂಪ, ಇತಿಹಾಸ, ಕೆಲಸದ ಕ್ರಮ, ಕಾನೂನು ಮತ್ತು ಸಂಬಳದ ವಿಚಾರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮಾರ್ಚಿಂಗ್ ಬ್ಯಾಂಡ್ ಮತ್ತು ಡ್ರಮ್ ಕೋರ್

ಇವೆರಡನ್ನೂ ಒಂದೇ ಎಂದು ತಿಳಿಯುವುದುಂಟು. ಮಾರ್ಚಿಂಗ್ ಬ್ಯಾಂಡು ಸಾಮಾನ್ಯವಾಗಿ ಪ್ರೌಢಶಾಲೆ ಅಥವಾ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಅದರಲ್ಲಿ ಟ್ರಂಪೆಟ್, ಟ್ರೊಂಬೋನ್‌ಗಳಂಥ ಹಿತ್ತಾಳೆ ವಾದ್ಯಗಳ ಜೊತೆ ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳೂ ಇರುತ್ತವೆ. ಅಮೆರಿಕನ್ ಫುಟ್‌ಬಾಲ್ ಪಂದ್ಯದ ಮಧ್ಯಂತರದಲ್ಲಿ ಮೈದಾನಕ್ಕಿಳಿದು, ನಡೆಯುತ್ತಾ ಆಕೃತಿಗಳನ್ನು ರಚಿಸುತ್ತಾ ನುಡಿಸುವುದು ಅದರ ರೂಢಿ. ಶರತ್ಕಾಲದಲ್ಲಿ ಸ್ಪರ್ಧೆಗಳೂ ನಡೆಯುತ್ತವೆ.

ಡ್ರಮ್ ಕೋರ್ ಎಂದರೆ ಶಾಲೆಗೆ ಸೇರದ ಸ್ವತಂತ್ರ ತಂಡ. ಅದರಲ್ಲಿ ಕೊಳಲು, ಕ್ಲಾರಿನೆಟ್‌ಗಳಿಗೆ ಸ್ಥಾನವಿಲ್ಲ. ಹಿತ್ತಾಳೆ ವಾದ್ಯ, ತಾಳವಾದ್ಯ ಮತ್ತು ಬಾವುಟ ಹಿಡಿದು ನರ್ತಿಸುವ ಕಲರ್ ಗಾರ್ಡ್ ಎಂಬ ಮೂರು ವಿಭಾಗಗಳು ಮಾತ್ರ. ಇಂದಿನ ದೊಡ್ಡ ತಂಡಗಳಲ್ಲಿ 150ಕ್ಕಿಂತ ಹೆಚ್ಚು ಯುವಕ ಯುವತಿಯರಿರುತ್ತಾರೆ. ಇಡೀ ಬೇಸಿಗೆಯನ್ನು ಬಸ್ಸಿನಲ್ಲಿ ಊರೂರು ತಿರುಗಿ, ಶಾಲೆಗಳ ಜಿಮ್‌ನಲ್ಲಿ ನೆಲದ ಮೇಲೆ ಮಲಗಿ, ದಿನವಿಡೀ ಅಭ್ಯಾಸ ಮಾಡಿ ಅವರು ಸ್ಪರ್ಧಿಸುತ್ತಾರೆ. ಯುವ ತಂಡಗಳ ಪ್ರಮುಖ ಸಂಸ್ಥೆಯಾದ ಡ್ರಮ್ ಕೋರ್ ಇಂಟರ್‌ನ್ಯಾಷನಲ್ 1971ರಲ್ಲಿ ರೂಪುಗೊಂಡಿತು. ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ನಡೆಯಿತು.

ಚರ್ಚ್ ಅಂಗಳದಿಂದ ಬೆಳೆದ ಪರಂಪರೆ

ಈ ಪರಂಪರೆಯ ಬೇರು ಬಹುಮಟ್ಟಿಗೆ ಕಥೋಲಿಕ ಚರ್ಚ್‌ಗಳ ಅಂಗಳದಲ್ಲಿದೆ ಎಂಬುದು ನಮ್ಮ ಓದುಗರಲ್ಲಿ ಅನೇಕರಿಗೆ ಹೊಸ ವಿಷಯವಾಗಿರಬಹುದು. ಮೊದಲ ಮಹಾಯುದ್ಧದ ನಂತರ ಅಮೆರಿಕದ ಮಾಜಿ ಸೈನಿಕರ ಸಂಘಗಳು ಕಹಳೆ ಮತ್ತು ಡ್ರಮ್ಮಿನ ತಂಡಗಳನ್ನು ಬೆಳೆಸಿದವು. ಅದೇ ಕಾಲದಲ್ಲಿ ವಲಸೆ ಬಂದ ಕಾರ್ಮಿಕರ ಮಕ್ಕಳು ಬೀದಿಪಾಲಾಗಬಾರದೆಂದು ಚರ್ಚ್‌ಗಳೂ ಇಂಥ ತಂಡಗಳನ್ನು ಕಟ್ಟಿದವು. 1930ರಲ್ಲಿ ಶಿಕಾಗೊದಲ್ಲಿ ಬಿಷಪ್ ಬರ್ನಾರ್ಡ್ ಶೀಲ್ ಆರಂಭಿಸಿದ ಕಥೋಲಿಕ ಯುವ ಸಂಘಟನೆಯು ಕ್ರೀಡೆಗೆ ಪ್ರಸಿದ್ಧವಾದರೂ, ಮುಂದೆ ಹಲವು ನಗರಗಳಲ್ಲಿ ಅದರ ಆಶ್ರಯದಲ್ಲಿ ಡ್ರಮ್ ಕೋರ್‌ಗಳು ಬೆಳೆದವು.

ನ್ಯೂಜೆರ್ಸಿಯ ಗಾರ್ಫೀಲ್ಡ್‌ನಲ್ಲಿ 1934ರಲ್ಲಿ ಆರಂಭವಾದ ಹೋಲಿ ನೇಮ್ ಕೆಡೆಟ್ಸ್, ಬೇಯಾನ್‌ನ ಸೇಂಟ್ ವಿನ್ಸೆಂಟ್ಸ್ ಕೆಡೆಟ್ಸ್, ನ್ಯೂಆರ್ಕ್‌ನ ಬ್ಲೆಸ್ಸೆಡ್ ಸ್ಯಾಕ್ರಮೆಂಟ್ ಗೋಲ್ಡನ್ ನೈಟ್ಸ್ ಇವೆಲ್ಲ ಚರ್ಚ್‌ಗಳ ಹೆಸರನ್ನೇ ಹೊತ್ತ ತಂಡಗಳು. ಬಾಸ್ಟನ್‌ನ ಹೈಡ್ ಪಾರ್ಕ್‌ನಲ್ಲಿ 1940ರಲ್ಲಿ ಯೇಸುವಿನ ಅಮೂಲ್ಯ ರಕ್ತಕ್ಕೆ ಸಮರ್ಪಿತವಾದ ಚರ್ಚಿನ ಮಕ್ಕಳ ತಂಡವಾಗಿ ಹುಟ್ಟಿದ್ದು ಇಂದಿನ ಬಾಸ್ಟನ್ ಕ್ರುಸೇಡರ್ಸ್. ಆ ತಂಡವು 85 ವರ್ಷಗಳ ನಂತರ, 2025ರ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಅಂತಿಮ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಅಗ್ರಸ್ಥಾನ ಪಡೆಯಿತು. ಇಂದು ಹೆಚ್ಚಿನ ತಂಡಗಳು ಚರ್ಚ್‌ಗಳಿಂದ ಬೇರೆಯಾಗಿ ಸ್ವತಂತ್ರ ಸೇವಾ ಸಂಸ್ಥೆಗಳಾಗಿವೆ. ಆದರೂ ಬಡ ಮನೆಯ ಮಗುವಿಗೂ ಒಂದು ವಾದ್ಯ ಕೊಟ್ಟು ಕಲಿಸಬೇಕೆಂಬ ಆರಂಭದ ಉದ್ದೇಶ ಅವುಗಳ ಹೆಸರುಗಳಲ್ಲಿ ಉಳಿದಿದೆ.

ಕಹಳೆಯಿಂದ ಪೂರ್ಣ ವಾದ್ಯವೃಂದಕ್ಕೆ

ಆರಂಭದ ಕಹಳೆಗೆ ವಾಲ್ವ್ ಇರಲಿಲ್ಲ. ತುಟಿಯ ಬಿಗಿತದಿಂದ ಹೊರಡುವ ಕೆಲವೇ ಸ್ವರಗಳಲ್ಲಿ ಎಲ್ಲ ಹಾಡುಗಳೂ ಮುಗಿಯಬೇಕಿತ್ತು. ವಾಲ್ವ್‌ಗಳು ಒಂದೊಂದಾಗಿ ಬಂದವು. 1977ರಲ್ಲಿ ಎರಡು ವಾಲ್ವ್, 1990ರಲ್ಲಿ ಮೂರು ವಾಲ್ವ್ ಅಂಗೀಕಾರವಾದವು. 2000ರ ಋತುವಿನಿಂದ 'ಜಿ' ಶ್ರುತಿಯ ಕಹಳೆಯೇ ಆಗಬೇಕೆಂಬ ನಿಯಮ ಹೋಯಿತು. 2004ರಿಂದ ಧ್ವನಿವರ್ಧಕ, 2009ರಿಂದ ಸಿಂಥಸೈಜರ್ ಮೊದಲಾದ ವಿದ್ಯುನ್ಮಾನ ವಾದ್ಯಗಳು, 2014ರಿಂದ ಟ್ರೊಂಬೋನ್ ಮತ್ತು ಫ್ರೆಂಚ್ ಹಾರ್ನ್ ಸೇರಿದಂತೆ ಎಲ್ಲ ಹಿತ್ತಾಳೆ ವಾದ್ಯಗಳೂ ಒಳಬಂದವು.

ಪ್ರತಿಯೊಂದು ಬದಲಾವಣೆಯ ಜೊತೆಗೂ ಅರೇಂಜರ್‌ನ ಕೆಲಸ ಹಿಗ್ಗಿತು. ಹಿಂದೆ ತಂಡದ ಬೋಧಕರೇ ಸಂಜೆ ಕುಳಿತು ಬರೆಯುತ್ತಿದ್ದ ನಾಲ್ಕು ಸಾಲಿನ ಸಂಗೀತ ಈಗ 25 ಸಾಲಿನ ಸ್ವರಪಟವಾಗಿದೆ. ನಿಮಿಷಕ್ಕೆ 120 ತಾಳದ ವೇಗದಲ್ಲಿ ಎಂಟು ನಿಮಿಷದ ಪ್ರದರ್ಶನವೆಂದರೆ 960 ತಾಳಗಳು. ನಾಲ್ಕರಂತೆ ಎಣಿಸಿದರೆ 240 ಅಳತೆಗಳು. 25 ಸಾಲುಗಳಿಗೆ ಲೆಕ್ಕ ಹಾಕಿದರೆ 6,000 ಚೌಕಗಳನ್ನು ಒಬ್ಬ ವ್ಯಕ್ತಿ ತುಂಬಿಸಬೇಕು. ದೊಡ್ಡ ತಂಡಗಳಲ್ಲಿ ಹಿತ್ತಾಳೆ ವಾದ್ಯಗಳಿಗೆ ಒಬ್ಬರು, ತಾಳವಾದ್ಯಗಳಿಗೆ ಇನ್ನೊಬ್ಬರು, ವಿದ್ಯುನ್ಮಾನ ಧ್ವನಿಗೆ ಮತ್ತೊಬ್ಬರು ಹೀಗೆ ಕೆಲಸ ಹಂಚಿಹೋಗುವುದು ಈ ಕಾರಣದಿಂದಲೇ.

ಈ ಕ್ಷೇತ್ರದ ಕೆಲವು ಹೆಸರುಗಳನ್ನು ಸ್ಮರಿಸುವುದು ಉಚಿತ. ಸ್ಪಿರಿಟ್ ಆಫ್ ಅಟ್ಲಾಂಟಾ ತಂಡಕ್ಕೆ ಬರೆಯುತ್ತಿದ್ದ ಜಿಮ್ ಒಟ್ 1980ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಉತ್ತಮ ಹಿತ್ತಾಳೆ ವಾದನಕ್ಕೆ ಕೊಡುವ ಪ್ರಶಸ್ತಿಗೆ ಅವರ ಹೆಸರಿದೆ. ಉತ್ತಮ ತಾಳವಾದ್ಯದ ಪ್ರಶಸ್ತಿಗೆ ಫ್ರೆಡ್ ಸ್ಯಾನ್‌ಫೋರ್ಡ್ ಅವರ ಹೆಸರಿದೆ. ಕ್ಯಾಲಿಫೋರ್ನಿಯದ ಬ್ಲೂ ಡೆವಿಲ್ಸ್ ತಂಡಕ್ಕೆ ವೇಯ್ನ್ ಡೌನಿ ದಶಕಗಳ ಕಾಲ ಬರೆದರು. ಜೇ ಬೊಕುಕ್ ಫರ್ಮನ್ ವಿಶ್ವವಿದ್ಯಾನಿಲಯದಲ್ಲಿಯೂ, ರಿಚರ್ಡ್ ಸಾಸೆಡೊ ಇಂಡಿಯಾನಾದ ಕಾರ್ಮೆಲ್ ಪ್ರೌಢಶಾಲೆಯಲ್ಲಿಯೂ ಬ್ಯಾಂಡು ನಡೆಸುತ್ತಲೇ ಅರೇಂಜರ್‌ಗಳಾಗಿ ಹೆಸರು ಮಾಡಿದರು. ಸ್ಟಾರ್ ಆಫ್ ಇಂಡಿಯಾನಾ ಎಂಬ ತಂಡವು ಸ್ಪರ್ಧೆ ಬಿಟ್ಟು ರಂಗಭೂಮಿಗೆ ಹೋಗಿ ರೂಪಿಸಿದ 'ಬ್ಲಾಸ್ಟ್' ಎಂಬ ಪ್ರದರ್ಶನ 2001ರಲ್ಲಿ ಟೋನಿ ಪ್ರಶಸ್ತಿಯನ್ನೂ ಪಡೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪ್ರಸಿದ್ಧರಲ್ಲಿಯೂ ಅನೇಕರು ಬೋಧನೆಯ ಜೊತೆಗೆ ಈ ಕೆಲಸ ಮಾಡಿದವರು. ಅರೇಂಜಿಂಗ್ ಒಂದರಿಂದಲೇ ಸಂಸಾರ ಸಾಗಿಸುವವರು ಕಡಿಮೆ.

ವರ್ಷದ ಕೆಲಸದ ಕ್ರಮ

ಸ್ವತಂತ್ರ ಅರೇಂಜರ್ ಎಂದರೆ ಯಾವುದೇ ಒಂದು ಶಾಲೆಯ ಸಂಬಳದ ನೌಕರನಲ್ಲದೆ, ಒಂದೊಂದು ಪ್ರದರ್ಶನಕ್ಕೆ ಕರಾರು ಮಾಡಿಕೊಂಡು ಬರೆದುಕೊಡುವವನು. ಅವನ ವರ್ಷ ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

ಒಂದು: ಚಳಿಗಾಲದಲ್ಲಿ ಬ್ಯಾಂಡಿನ ನಿರ್ದೇಶಕ, ಚಲನೆಯ ವಿನ್ಯಾಸಕ, ಕಲರ್ ಗಾರ್ಡ್ ಬೋಧಕ ಮತ್ತು ಅರೇಂಜರ್ ಒಟ್ಟು ಕುಳಿತು ಮುಂದಿನ ಪ್ರದರ್ಶನದ ವಸ್ತುವನ್ನು ಆರಿಸುತ್ತಾರೆ. ಯಾವ ಕೃತಿಗಳು, ಎಷ್ಟು ನಿಮಿಷ, ಎಲ್ಲಿ ಆವೇಶ, ಎಲ್ಲಿ ಶಾಂತಿ ಎಂಬ ನಕ್ಷೆ ತಯಾರಾಗುತ್ತದೆ.

ಎರಡು: ಆರಿಸಿದ ಕೃತಿಗಳಿಗೆ ಹಕ್ಕುದಾರರಿಂದ ಲಿಖಿತ ಅನುಮತಿ ಕೇಳಲಾಗುತ್ತದೆ. ಅನುಮತಿ ಬರುವವರೆಗೆ ಬರೆಯಲು ತೊಡಗದಿರುವುದೇ ಕ್ಷೇಮ.

ಮೂರು: ವಸಂತಕಾಲದಲ್ಲಿ ಬರವಣಿಗೆ. ಮೊದಲು ಊದುವ ವಾದ್ಯಗಳ ಸ್ವರಪಟ, ನಂತರ ಅದನ್ನು ನೋಡಿ ತಾಳವಾದ್ಯದ ಸ್ವರಪಟ. ಜೊತೆಗೆ ಕಂಪ್ಯೂಟರಿನಲ್ಲಿ ತಯಾರಿಸಿದ ಮಾದರಿ ಧ್ವನಿಮುದ್ರಿಕೆಯನ್ನೂ ಕಳುಹಿಸಬೇಕು. ಚಲನೆಯ ವಿನ್ಯಾಸಕ ಅದರ ಎಣಿಕೆಯನ್ನು ಹಿಡಿದು ಯಾರು ಎಷ್ಟನೆಯ ತಾಳಕ್ಕೆ ಎಲ್ಲಿರಬೇಕೆಂದು ಬರೆಯುತ್ತಾನೆ. ಐದು ಗಜಕ್ಕೆ ಎಂಟು ಹೆಜ್ಜೆ ಎಂಬುದು ಅಲ್ಲಿನ ಸಾಮಾನ್ಯ ಅಳತೆ.

ನಾಲ್ಕು: ಬೇಸಿಗೆಯ ಶಿಬಿರದಲ್ಲಿ ಮಕ್ಕಳು ಅದನ್ನು ಕಲಿಯುತ್ತಾರೆ. ಇಲ್ಲಿಂದ ತಿದ್ದುಪಡಿ ಶುರು. ಎರಡು ತಾಳ ಹೆಚ್ಚು ಬೇಕು, ಈ ಸ್ವರ ಅವರಿಗೆ ಎಟುಕುತ್ತಿಲ್ಲ, ಇಲ್ಲಿ ಓಡಬೇಕಾದುದರಿಂದ ಉಸಿರು ಸಾಲದು ಎಂಬ ಕರೆಗಳು ಅರೇಂಜರ್‌ಗೆ ಬರುತ್ತಲೇ ಇರುತ್ತವೆ. ಸ್ಪರ್ಧೆಯ ತೀರ್ಪುಗಾರರ ಅಭಿಪ್ರಾಯ ಕೇಳಿದ ಮೇಲೆ ಇನ್ನೊಂದು ಸುತ್ತು ತಿದ್ದುಪಡಿ. ಅಂತಿಮ ಸ್ಪರ್ಧೆಯ ವಾರದವರೆಗೂ ಇದು ಮುಂದುವರಿಯುವುದುಂಟು.

ಡ್ರಮ್ ಕೋರ್‌ನ ಕ್ಯಾಲೆಂಡರು ಸ್ವಲ್ಪ ಬೇರೆ. ಅಲ್ಲಿ ಆಯ್ಕೆ ಪರೀಕ್ಷೆ ವರ್ಷಾಂತ್ಯಕ್ಕೆ, ಶಿಬಿರಗಳು ಚಳಿಗಾಲದಲ್ಲಿ, ಪ್ರವಾಸ ಜೂನ್‌ನಿಂದ ಆಗಸ್ಟ್‌ವರೆಗೆ. ಹೀಗಾಗಿ ಶಾಲೆಗೂ ಕೋರ್‌ಗೂ ಬರೆಯುವ ಅರೇಂಜರ್‌ಗೆ ಬಿಡುವು ಸಿಗುವುದು ಅಪರೂಪ.

ಮೊದಲು ಮಗು, ನಂತರ ಸ್ವರ

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮುದ್ರಿತ ಸಂಗೀತವನ್ನು ಸ್ಟಾಕ್ ಎನ್ನುತ್ತಾರೆ. ಅದು ಎಲ್ಲ ಬ್ಯಾಂಡಿಗೂ ಹೊಂದುವಂತೆ ಬರೆದದ್ದು, ಬೆಲೆಯೂ ಕಡಿಮೆ. ಹಾಗಿದ್ದರೂ ಶಾಲೆಗಳು ಸಾವಿರಾರು ಡಾಲರ್ ಕೊಟ್ಟು ತಮಗಾಗಿಯೇ ಬರೆಸಿಕೊಳ್ಳುವುದೇಕೆ? ಉತ್ತರ ಸರಳ. ಈ ವರ್ಷ ಈ ಶಾಲೆಯಲ್ಲಿರುವ ಮಕ್ಕಳು ಬೇರೆಲ್ಲಿಯೂ ಇಲ್ಲ.

ಒಂದು ಶಾಲೆಯಲ್ಲಿ ಟ್ರಂಪೆಟ್ ಊದುವವರು ಹನ್ನೆರಡು ಮಂದಿ ಇದ್ದರೂ ಎತ್ತರದ ಸ್ವರ ಹಿಡಿಯಬಲ್ಲವರು ಇಬ್ಬರೇ ಇರಬಹುದು. ಇನ್ನೊಂದರಲ್ಲಿ ಕೊಳಲಿನವರು ಇಪ್ಪತ್ತು, ಟ್ಯೂಬಾದವನು ಒಬ್ಬನೇ. ಬಯಲಿನಲ್ಲಿ ಕೊಳಲಿನ ಕೆಳಸ್ಥಾಯಿ ಕೇಳಿಸುವುದೇ ಇಲ್ಲ. ಅಲ್ಲಿಗೆ ಮುಖ್ಯ ರಾಗವನ್ನು ಕೊಟ್ಟರೆ ಅದು ಕಳೆದುಹೋಗುತ್ತದೆ. ಕ್ಲಾರಿನೆಟ್ ಕಲಿಯುವ ಮಗುವಿಗೆ ಕೆಳಸ್ಥಾಯಿಯಿಂದ ಮೇಲಿನದಕ್ಕೆ ದಾಟುವ ಜಾಗದಲ್ಲಿ ಬೆರಳುಗಳು ಒಮ್ಮೆಗೇ ಬದಲಾಗಬೇಕು. ಅಲ್ಲಿ ವೇಗದ ಸ್ವರಗಳನ್ನು ಬರೆದವನು ಆ ಮಗುವಿನ ಕಷ್ಟವನ್ನು ಅರಿಯದವನು. ಹಿತ್ತಾಳೆ ವಾದ್ಯದವರ ತುಟಿ ಸ್ನಾಯುವಿಗೆ ವಿಶ್ರಾಂತಿ ಬೇಕು. ಆದ್ದರಿಂದ ಅನುಭವಿ ಅರೇಂಜರ್ ದೊಡ್ಡ ಘೋಷದ ಮುಂಚೆ ಆ ವಿಭಾಗಕ್ಕೆ ಕೆಲವು ಅಳತೆಗಳ ಮೌನವನ್ನು ಬರೆದಿರುತ್ತಾನೆ.

ಅಂದರೆ ಸ್ವರಗಳನ್ನು ಕೂಡಿಸುವ ವಿದ್ಯೆಗಿಂತ ಮೊದಲು ಬೇಕಾದದ್ದು ಆ ಮಕ್ಕಳನ್ನು ಅರಿಯುವ ತಾಳ್ಮೆ. ಒಳ್ಳೆಯ ಅರೇಂಜರ್‌ಗಳು ಒಪ್ಪಂದದ ಮೊದಲೇ ತಂಡದ ಪಟ್ಟಿ, ಪ್ರತಿ ವಿಭಾಗದ ಸ್ವರವ್ಯಾಪ್ತಿ ಮತ್ತು ಕಳೆದ ವರ್ಷದ ಧ್ವನಿಮುದ್ರಣವನ್ನು ಕೇಳಿ ಪಡೆಯುತ್ತಾರೆ. ದುರ್ಬಲ ವಾದಕನಿಗೂ ಅರ್ಥವುಳ್ಳ ಒಂದು ಸಾಲು ಸಿಗುವಂತೆ ಬರೆಯುತ್ತಾರೆ. ಕೊನೆಯ ಸಾಲಿನ ಮಗುವೂ ತಾನು ಬೇಕಾದವನೆಂದು ತಿಳಿದು ಮನೆಗೆ ಹೋಗುತ್ತದೆ.

ಮೈದಾನದಲ್ಲಿ ಶಬ್ದದ ಓಟ

ಸಭಾಂಗಣದ ಸಂಗೀತಕ್ಕೂ ಮೈದಾನದ ಸಂಗೀತಕ್ಕೂ ದೊಡ್ಡ ವ್ಯತ್ಯಾಸ ದೂರದ್ದು. ಅಮೆರಿಕನ್ ಫುಟ್‌ಬಾಲ್ ಮೈದಾನದ ಆಟದ ಭಾಗ 100 ಗಜ, ಅಂದರೆ ಸುಮಾರು 91 ಮೀಟರ್ ಉದ್ದ. 20 ಡಿಗ್ರಿ ಉಷ್ಣತೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದು ತುದಿಯ ಸದ್ದು ಇನ್ನೊಂದು ತುದಿಗೆ ತಲುಪಲು ಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ನಿಮಿಷಕ್ಕೆ 180 ತಾಳದ ವೇಗದಲ್ಲಿ ಒಂದು ತಾಳಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ ಮಾತ್ರ. ಅಂದರೆ ಆ ತುದಿಯವನ ಸದ್ದನ್ನು ಕೇಳಿ ನುಡಿಸಿದರೆ ಈ ತುದಿಯವನು ಮುಕ್ಕಾಲು ತಾಳಕ್ಕಿಂತ ಹೆಚ್ಚು ಹಿಂದೆ ಬೀಳುತ್ತಾನೆ!

ಇದಕ್ಕೆ ಪರಿಹಾರವಾಗಿ ಡ್ರಮ್ಮಿನವರನ್ನು ಸಾಧ್ಯವಾದಷ್ಟು ಮಧ್ಯದಲ್ಲಿ ಹಿಂದುಗಡೆ ಇಡುತ್ತಾರೆ. ಮುಂದಿನವರು ಹಿಂದಿನಿಂದ ಬರುವ ಸದ್ದನ್ನು ಕೇಳಿ ನುಡಿಸುತ್ತಾರೆ; ಹಿಂದಿನವರು ಮುಂದಿನ ಸದ್ದಿಗೆ ಕಿವಿಗೊಡದೆ ನಿರ್ದೇಶಕನ ಕೈಯನ್ನು ನೋಡುತ್ತಾರೆ. ಮೈದಾನದ ಅಂಚಿನಲ್ಲಿ ಮರಿಂಬಾ, ವೈಬ್ರಫೋನ್, ಟಿಂಪನಿ ಮೊದಲಾದ ನೆಲದ ಮೇಲೆ ನಿಲ್ಲಿಸಿದ ವಾದ್ಯಗಳಿರುತ್ತವೆ. ತಂಡ ಚದುರಿರುವಾಗ ದೀರ್ಘ ಸ್ವರಗಳನ್ನೂ, ಒಟ್ಟುಗೂಡಿದಾಗ ವೇಗದ ಸ್ವರಗಳನ್ನೂ ಬರೆಯುವುದು ಅರೇಂಜರ್‌ನ ಜಾಣತನ. ಚಲನೆಯ ವಿನ್ಯಾಸಕನೊಡನೆ ಮಾತುಕತೆ ಇಲ್ಲದೆ ಬರೆದ ಸಂಗೀತ ಕಾಗದದಲ್ಲಿ ಚೆಂದ, ಮೈದಾನದಲ್ಲಿ ಗೊಂದಲ.

ಅನುಮತಿಯ ಪ್ರಶ್ನೆ

ಒಬ್ಬರು ರಚಿಸಿದ ಕೃತಿಯನ್ನು ಇನ್ನೊಬ್ಬರು ಬ್ಯಾಂಡಿಗೆ ಹೊಂದಿಸುವುದು ಕಾನೂನಿನ ದೃಷ್ಟಿಯಲ್ಲಿ ಮೂಲದಿಂದ ಹುಟ್ಟಿದ ಹೊಸ ಕೃತಿ. ಅಮೆರಿಕದ ಕಾನೂನಿನಂತೆ ಅದಕ್ಕೆ ಒಪ್ಪಿಗೆ ನೀಡುವ ಹಕ್ಕು ಮೂಲ ಹಕ್ಕುದಾರರದ್ದು. ಆದ್ದರಿಂದ ಒಂದು ಪ್ರದರ್ಶನದ ಹಿಂದೆ ಹಲವು ಬಗೆಯ ಅನುಮತಿಗಳು ಬೇಕಾಗಬಹುದು: ಹೊಂದಿಸಿ ಬರೆಯಲು ಒಂದು, ಸಾರ್ವಜನಿಕವಾಗಿ ನುಡಿಸಲು ಒಂದು, ವೀಡಿಯೊ ಮಾಡಿ ಹಂಚಲು ಮತ್ತೊಂದು.

ಅಮೆರಿಕದಲ್ಲಿ ಹಳೆಯ ಪ್ರಕಟಿತ ಕೃತಿಗಳು 95 ವರ್ಷಗಳ ನಂತರ ಸಾರ್ವಜನಿಕ ಸ್ವತ್ತಾಗುತ್ತವೆ. ಗರ್ಶ್ವಿನ್ ಅವರ 'ರಾಪ್ಸೊಡಿ ಇನ್ ಬ್ಲೂ' 2020ರಲ್ಲಿ, ರಾವೆಲ್ ಅವರ 'ಬೊಲೆರೊ' 2025ರಲ್ಲಿ ಅಲ್ಲಿ ಹೀಗೆ ಮುಕ್ತವಾದವು. ಆದರೆ 1957ರ 'ವೆಸ್ಟ್ ಸೈಡ್ ಸ್ಟೋರಿ' ಇನ್ನೂ ಹಕ್ಕುಸ್ವಾಮ್ಯದಲ್ಲಿದೆ. ಮೂಲ ರಾಗ ಮುಕ್ತವಾಗಿದ್ದರೂ ಇತ್ತೀಚೆಗೆ ಬೇರೊಬ್ಬರು ಮಾಡಿದ ಅರೇಂಜ್‌ಮೆಂಟನ್ನು ನಕಲು ಮಾಡುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಕ್ಯಾಲಿಫೋರ್ನಿಯದ ಬರ್ಬ್ಯಾಂಕ್‌ನ ಪ್ರೌಢಶಾಲಾ ಗಾಯನ ತಂಡವೊಂದರ ಮೇಲೆ ಪರವಾನಗಿ ಸಂಸ್ಥೆಯೊಂದು ಹೂಡಿದ ಮೊಕದ್ದಮೆಯಲ್ಲಿ, 2020ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಬೋಧಕರ ಪರವಾಗಿ ತೀರ್ಪಿತ್ತಿತು. ಒಂದು ಹಾಡಿನ ಸಣ್ಣ ಭಾಗವನ್ನು ಕಲಿಕೆಗಾಗಿ ಹೊಸ ರೂಪದಲ್ಲಿ ಬಳಸಿದ್ದು ನ್ಯಾಯಯುತ ಬಳಕೆ ಎಂದಿತು. ಆದರೆ ಆ ತೀರ್ಪಿಗೆ ಮುನ್ನ ಬೋಧಕರೂ ಪೋಷಕರ ಸಂಘವೂ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು. ಇದನ್ನು ಅನುಮತಿ ಬೇಡವೆಂಬ ಸಾಮಾನ್ಯ ನಿಯಮವಾಗಿ ಯಾರೂ ತಿಳಿಯಬಾರದು.

ಕೂಲಿ ಮತ್ತು ಕರಾರು

ಈ ವೃತ್ತಿಯ ನೋವಿನ ಮುಖ ಇಲ್ಲಿದೆ. ಹಕ್ಕುದಾರರು ಕೊಡುವ ಅನುಮತಿ ಪತ್ರದಲ್ಲಿ ಸಾಮಾನ್ಯವಾಗಿ ಹೊಸ ಅರೇಂಜ್‌ಮೆಂಟಿನ ಒಡೆತನವೂ ಮೂಲ ಹಕ್ಕುದಾರರಿಗೇ ಸೇರಬೇಕೆಂಬ ಷರತ್ತಿರುತ್ತದೆ. ಅಂದರೆ ತಿಂಗಳುಗಟ್ಟಲೆ ಬರೆದವನಿಗೆ ಒಮ್ಮೆ ಸಿಗುವ ಶುಲ್ಕ ಬಿಟ್ಟರೆ ಮುಂದೆ ಏನೂ ಇಲ್ಲ. ಮುಂದಿನ ವರ್ಷ ಅದನ್ನೇ ಬೇರೆ ಶಾಲೆಗೆ ಮಾರುವಂತೆಯೂ ಇಲ್ಲ. ಸ್ವಂತ ರಚನೆಗಳನ್ನು, ಮುಕ್ತವಾದ ಹಳೆಯ ಕೃತಿಗಳನ್ನು ಆಧರಿಸಿ ಬರೆಯುವವರಿಗೆ ಮಾತ್ರ ಈ ಕಟ್ಟು ಇಲ್ಲ.

ಸ್ವತಂತ್ರ ಕೆಲಸಗಾರನಾದ್ದರಿಂದ ಅವನಿಗೆ ಪಿಂಚಣಿಯಿಲ್ಲ, ರಜೆಯ ಸಂಬಳವಿಲ್ಲ, ಆರೋಗ್ಯ ವಿಮೆಯನ್ನು ತಾನೇ ಕಟ್ಟಬೇಕು. ಅಮೆರಿಕದಲ್ಲಿ ಆದಾಯ ತೆರಿಗೆಯ ಹೊರತಾಗಿ ಸ್ವಯಂ ಉದ್ಯೋಗಿಗಳ ಸಾಮಾಜಿಕ ಭದ್ರತೆ ಮತ್ತು ವೈದ್ಯಕೀಯ ತೆರಿಗೆ ಶೇಕಡಾ 15.3. ನೌಕರನಾಗಿದ್ದರೆ ಇದರ ಅರ್ಧವನ್ನು ಮಾಲೀಕ ಕಟ್ಟುತ್ತಿದ್ದ. ಬ್ಯಾಂಡಿನ ಹಣ ಹೆಚ್ಚಾಗಿ ಪೋಷಕರ ಸಂಘದ ದೇಣಿಗೆಯಿಂದ ಬರುವುದರಿಂದ ಪಾವತಿ ತಡವಾಗುವುದೂ ಉಂಟು.

ಆದ್ದರಿಂದ ಅನುಭವಿಗಳು ಕರಾರಿನಲ್ಲಿ ಈ ಅಂಶಗಳನ್ನು ಬರೆಸಿಕೊಳ್ಳುತ್ತಾರೆ: ಎಷ್ಟು ನಿಮಿಷದ ಸಂಗೀತ, ಯಾವ ದಿನಾಂಕಕ್ಕೆ ಒಪ್ಪಿಸಬೇಕು, ಮುಂಗಡ ಎಷ್ಟು, ಉಳಿದದ್ದು ಯಾವಾಗ, ಎಷ್ಟು ಸುತ್ತು ತಿದ್ದುಪಡಿ ಶುಲ್ಕದಲ್ಲಿ ಸೇರಿದೆ, ಅನುಮತಿ ಪಡೆಯುವ ಹೊಣೆ ಮತ್ತು ಖರ್ಚು ಯಾರದು, ಕಾರ್ಯಕ್ರಮ ಪತ್ರಿಕೆಯಲ್ಲಿ ಅರೇಂಜರ್‌ನ ಹೆಸರು ಇರುತ್ತದೆಯೇ, ಕೆಲಸ ನಡುವೆ ನಿಂತರೆ ಏನು. ಸ್ನೇಹದಲ್ಲಿ ಬಾಯಿಮಾತಿನಿಂದ ಶುರುವಾದ ಕೆಲಸ ಜಗಳದಲ್ಲಿ ಮುಗಿಯುವುದು ಎಲ್ಲ ಊರಿನಲ್ಲಿಯೂ ಇರುವ ಕಥೆ.

ದುಡಿದವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂಬುದು ಧರ್ಮಸಭೆಗೆ ಹೊಸ ಬೋಧನೆಯಲ್ಲ. 1891ರಲ್ಲಿ ಪೋಪ್ 13ನೇ ಲಿಯೋ ಅವರು ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರದ ಮುಖ್ಯ ವಿಷಯಗಳಲ್ಲಿ ಅದೂ ಒಂದು. ಕಾರ್ಖಾನೆಯ ಕಾರ್ಮಿಕನಿಗೆ ಅನ್ವಯಿಸುವ ಮಾತು ಮನೆಯ ಮೇಜಿನ ಮುಂದೆ ಕುಳಿತು ಸ್ವರ ಬರೆಯುವವನಿಗೂ ಅನ್ವಯಿಸುತ್ತದೆ.

ಮಕ್ಕಳ ಸುರಕ್ಷತೆ

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. 1934ರಲ್ಲಿ ಚರ್ಚಿನ ಆಶ್ರಯದಲ್ಲಿ ಹುಟ್ಟಿದ, ಹತ್ತು ಬಾರಿ ಅಗ್ರಸ್ಥಾನ ಗಳಿಸಿದ ಕೆಡೆಟ್ಸ್ ತಂಡದ ಸಂಸ್ಥೆ 2024ರ ಜನವರಿಯಲ್ಲಿ ದಿವಾಳಿ ಘೋಷಿಸಿ ಬಾಗಿಲು ಮುಚ್ಚಿತು. ದಶಕಗಳ ಹಿಂದೆ ನಡೆಯಿತೆನ್ನಲಾದ ಲೈಂಗಿಕ ದೌರ್ಜನ್ಯದ ಕುರಿತ ಮೊಕದ್ದಮೆ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಮಕ್ಕಳು ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಚಟುವಟಿಕೆಯಲ್ಲಿ ಬೋಧಕರ ಹಿನ್ನೆಲೆ ಪರಿಶೀಲನೆ, ದೂರು ಹೇಳಲು ಭಯವಿಲ್ಲದ ದಾರಿ, ಹಿರಿಯರು ಮಗುವಿನೊಡನೆ ಒಂಟಿಯಾಗಿರದ ನಿಯಮ ಇವು ಕಡ್ಡಾಯ. ಒಂದೆರಡು ದಿನ ಶಿಬಿರಕ್ಕೆ ಬಂದು ಹೋಗುವ ಸ್ವತಂತ್ರ ಅರೇಂಜರ್‌ಗೂ ಇದರಿಂದ ವಿನಾಯಿತಿ ಇರಬಾರದು. ಈ ಪಾಠವನ್ನು ಧರ್ಮಸಭೆಯೂ ದುಬಾರಿ ಬೆಲೆ ತೆತ್ತು ಕಲಿತಿದೆ.

ಕಲಿಯುವ ದಾರಿ ಮತ್ತು ಉಪಕರಣಗಳು

ಈ ವೃತ್ತಿಗೆ ಪ್ರತ್ಯೇಕ ಪದವಿ ಕಡ್ಡಾಯವಲ್ಲ. ಹೆಚ್ಚಿನವರು ಸಂಗೀತ ಶಿಕ್ಷಣದ ಪದವಿ ಪಡೆದು, ತಾವೇ ಬ್ಯಾಂಡಿನಲ್ಲಿ ನುಡಿಸಿ, ಒಬ್ಬ ಹಿರಿಯರ ಕೈಕೆಳಗೆ ಸಣ್ಣ ಭಾಗಗಳನ್ನು ಬರೆದು ಮೇಲೆ ಬಂದವರು. ಸ್ವರಲಿಪಿ, ಹಾರ್ಮನಿ ಮತ್ತು ಪ್ರತಿ ವಾದ್ಯದ ಶ್ರುತಿಯ ಜ್ಞಾನ ಅಡಿಪಾಯ.

ಕಂಪ್ಯೂಟರ್ ತಂತ್ರಾಂಶವೂ ಬೇಕು. 1988ರಲ್ಲಿ ಬಂದ 'ಫಿನಾಲೆ' ಮೂರು ದಶಕಗಳಿಗೂ ಹೆಚ್ಚು ಕಾಲ ಅನೇಕ ಅರೇಂಜರ್‌ಗಳ ಕೈಗೂಸಾಗಿತ್ತು. 2024ರ ಆಗಸ್ಟ್‌ನಲ್ಲಿ ಅದರ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಕಂಪೆನಿ ಪ್ರಕಟಿಸಿತು. ಜೀವಮಾನದ ಬರಹವೆಲ್ಲ ಅದರಲ್ಲಿದ್ದವರು ಅದನ್ನು ಬೇರೆ ರೂಪಕ್ಕೆ ಬದಲಿಸಿಕೊಳ್ಳಬೇಕಾಯಿತು. 'ಸಿಬೆಲಿಯಸ್' ಮತ್ತು 'ಡೊರಿಕೊ' ಹಣ ಕೊಟ್ಟು ಪಡೆಯುವಂಥವು. 'ಮ್ಯೂಸ್‌ಸ್ಕೋರ್' ತಂತ್ರಾಂಶ ಉಚಿತ. ನಮ್ಮ ಯುವಜನರು ಆರಂಭಿಸಲು ಕೊನೆಯದು ಧಾರಾಳ ಸಾಕು. ಯಾವುದರಲ್ಲಿ ಬರೆದರೂ ಒಂದು ಪಿಡಿಎಫ್ ಪ್ರತಿಯನ್ನು ತೆಗೆದಿಡುವುದು ಜಾಣತನ.

ನಮ್ಮ ಚರ್ಚ್ ಬ್ಯಾಂಡುಗಳಿಗೆ

ಅಮೆರಿಕದ ಪ್ರಮಾಣದ ಪ್ರದರ್ಶನಗಳು ನಮ್ಮಲ್ಲಿಲ್ಲ. ಅದರ ಅಗತ್ಯವೂ ಇಲ್ಲ. ಆದರೆ ಬ್ಯಾಂಡು ನಡೆಸುವವರಿಗೆ ಅಲ್ಲಿಂದ ಕಲಿಯಲು ಕೆಲವು ಸಂಗತಿಗಳಿವೆ.

ಮೊದಲನೆಯದು ಶ್ರುತಿಯ ವಿಚಾರ. ಟ್ರಂಪೆಟ್ ವಾದಕ 'ಸಿ' ಎಂದು ಓದಿ ಊದಿದರೆ ಕೀಬೋರ್ಡಿನ 'ಬಿ ಫ್ಲ್ಯಾಟ್' ಕೇಳಿಸುತ್ತದೆ. ಆಲ್ಟೊ ಸ್ಯಾಕ್ಸೊಫೋನಿನಲ್ಲಿ 'ಇ ಫ್ಲ್ಯಾಟ್'. ಗಾಯನ ಮಂಡಳಿ 'ಡಿ' ಶ್ರುತಿಯಲ್ಲಿ ಹಾಡುವ ಗೀತೆಯನ್ನು ಹಾಗೆಯೇ ಬ್ಯಾಂಡಿಗೆ ಕೊಟ್ಟರೆ ಟ್ರಂಪೆಟ್‌ಗೆ ನಾಲ್ಕು ಶಾರ್ಪ್, ಆಲ್ಟೊ ಸ್ಯಾಕ್ಸೊಫೋನಿಗೆ ಐದು ಶಾರ್ಪ್ ಬರುತ್ತವೆ. ಅದನ್ನೇ ಅರ್ಧ ಸ್ವರ ಏರಿಸಿ 'ಇ ಫ್ಲ್ಯಾಟ್'ನಲ್ಲಿ ಬರೆದರೆ ಟ್ರಂಪೆಟ್‌ಗೆ ಒಂದೇ ಫ್ಲ್ಯಾಟ್, ಸ್ಯಾಕ್ಸೊಫೋನಿಗೆ ಏನೂ ಇಲ್ಲ. ಹಬ್ಬದ ದಿನ ಬ್ಯಾಂಡಿನ ಮಕ್ಕಳು ತಪ್ಪು ನುಡಿಸಿದರೆಂದು ಗದರುವ ಮುನ್ನ, ಅವರಿಗೆ ಬರೆದುಕೊಟ್ಟದ್ದು ಸರಿಯಿತ್ತೇ ಎಂದು ನೋಡುವುದು ಒಳ್ಳೆಯದು.

ಎರಡನೆಯದು ಕಾನೂನು. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಸಂಗೀತ ಕೃತಿಯ ಹಕ್ಕು ರಚನಾಕಾರರ ಮರಣದ ನಂತರ 60 ವರ್ಷ ಇರುತ್ತದೆ. ನಿಜವಾದ ಧಾರ್ಮಿಕ ವಿಧಿಯಲ್ಲಿ ಸಂಗೀತವನ್ನು ನುಡಿಸುವುದಕ್ಕೆ ಈ ಕಾಯಿದೆಯ 52ನೇ ಕಲಮಿನಲ್ಲಿ ವಿನಾಯಿತಿಯಿದೆ. ಮದುವೆಯ ಮೆರವಣಿಗೆಯೂ ಅದರಲ್ಲಿ ಸೇರಿದೆ. ಆದರೆ ಈ ವಿನಾಯಿತಿ ನುಡಿಸುವುದಕ್ಕೆ ಸಂಬಂಧಿಸಿದ್ದು. ಒಂದು ಸಂಗೀತ ಕೃತಿಯನ್ನು ಅರೇಂಜ್ ಮಾಡಿ ಬರೆಯುವುದನ್ನು ಅದೇ ಕಾಯಿದೆ ರೂಪಾಂತರವೆಂದು ಕರೆದು ಹಕ್ಕುದಾರರಿಗೆ ಬಿಟ್ಟಿದೆ. ಹಾಗಾಗಿ ಜೀವಂತ ರಚನಾಕಾರರ ಗೀತೆಯನ್ನು ಬ್ಯಾಂಡಿಗೆ ಹೊಂದಿಸುವಾಗ ಅವರನ್ನು ಒಂದು ಮಾತು ಕೇಳಿ ಲಿಖಿತ ಒಪ್ಪಿಗೆ ಪಡೆಯಬೇಕು. ನಮ್ಮ ಗೀತೆ ರಚನಾಕಾರರಲ್ಲಿ ಹೆಚ್ಚಿನವರು ಸಂತೋಷದಿಂದಲೇ ಒಪ್ಪುತ್ತಾರೆ. ಕೇಳದಿದ್ದಾಗ ಮಾತ್ರ ನೊಂದುಕೊಳ್ಳುತ್ತಾರೆ.

ಮೂರನೆಯದು ಸಂಭಾವನೆ. ಹಬ್ಬದ ಖರ್ಚಿನ ಪಟ್ಟಿಯಲ್ಲಿ ದೀಪಾಲಂಕಾರ, ಪಟಾಕಿ, ಧ್ವನಿವರ್ಧಕಗಳಿಗೆ ಜಾಗವಿದೆ. ವಾರಗಟ್ಟಲೆ ರಾತ್ರಿ ಕುಳಿತು ಹನ್ನೆರಡು ವಾದ್ಯಗಳಿಗೆ ಸ್ವರ ಬರೆದುಕೊಟ್ಟ ಯುವಕನಿಗೆ ಕೃತಜ್ಞತಾ ಭಾಷಣದಲ್ಲಿ ಒಂದು ಸಾಲು, ಕೆಲವೊಮ್ಮೆ ಅದೂ ಇಲ್ಲ. ಚರ್ಚಿನ ಕೆಲಸ ಸೇವೆ ಎಂಬ ಮಾತು ನಿಜ. ಸೇವೆಯನ್ನು ಕೊಡುವವನು ತಾನಾಗಿ ಕೊಡಬೇಕು, ನಾವು ಅದನ್ನು ಅವನಿಂದ ವಸೂಲು ಮಾಡಬಾರದು. ಈ ತಪ್ಪು ನಮ್ಮಿಂದಲೂ ಆಗಿದೆ ಎಂದು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇವೆ.

ಪಾಲನಾ ಪರಿಷತ್ತುಗಳು ಮುಂದಿನ ಹಬ್ಬದ ಖರ್ಚಿನ ಪಟ್ಟಿ ತಯಾರಿಸುವಾಗ ಸ್ವರ ಬರೆದವರಿಗೆಂದು ಒಂದು ಸಾಲನ್ನು ಸೇರಿಸಲಿ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಸ್ವರಪಟದ ಮೇಲ್ಗಡೆ ಗೀತೆ ರಚಿಸಿದವರ ಹೆಸರಿನ ಜೊತೆ ಹೊಂದಿಸಿ ಬರೆದವರ ಹೆಸರನ್ನೂ ಬರೆಯಲಿ. ಮೆರವಣಿಗೆ ಮುಗಿದು ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿದ ಮೇಲೂ ಆ ಹಾಳೆ ಚರ್ಚಿನ ಕಪಾಟಿನಲ್ಲಿ ಉಳಿಯುತ್ತದೆ. ಮುಂದೆ ಅದನ್ನು ತೆರೆಯುವ ಮಗುವಿಗೆ ಇದನ್ನು ತನ್ನಂಥವರಿಗಾಗಿಯೇ ಒಬ್ಬರು ಬರೆದರೆಂದು ತಿಳಿಯಲಿ.